ಅಕ್ಕನ ಎಡಗಿವಿ ಹೊತ್ತು ಕೌಲಾಲಂಪುರಕ್ಕೆ

ಸಿರುಗುಪ್ಪ

ನಮ್ಮ ಅಕ್ಕನನ್ನು ಬೀದಿಯಿಂದ ಕೂಗಿದರೆ ಹಿತ್ತಿಲ ಕಡೆ ತಿರುಗಿ "ಬಂದ್ನಿ" ಎನ್ನುತ್ತಿದ್ದಳು. ಮೊದಮೊದಲು ಎಲ್ಲರೂ ನಕ್ಕೆವು. ಢೋಲಕ್ ಬಡಿದೂ ಬಡಿದೂ ಕಿವಿ ಮಂದವಾಗಿದೆ ಎಂದು ಆಕೆಯೂ ನಕ್ಕಳು. ಸಿರುಗುಪ್ಪದಲ್ಲಿ ನಮ್ಮವರ ಮದುವೆಯೆಂದರೆ ಮದುಮಗಳ ಕೈಗೆ ಮೆಹಂದಿ ಹಾಕಲು, ಹೆಂಗಸರ ನಡುವೆ ಕೂತು ಹಾಡು ಹೇಳಲು ನಮ್ಮ ಅಕ್ಕ ಮಾಬುಬಿಯೇ ಬರಬೇಕು. ಬೀಗರನ್ನು ಆಡಿಕೊಳ್ಳುವ ಹಾಡು ಎತ್ತಿದಳೆಂದರೆ ಸ್ವತಃ ಬೀಗಿತಿಯೂ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಾಳೆ. ಅಂಥವಳು ಒಂದು ಮದುವೆ ಮನೆಯ ಮೆಟ್ಟಿಲಿಳಿಯುವಾಗ ಆಯ ತಪ್ಪಿ ಬಿದ್ದಳು. ಬಿದ್ದವಳು "ನೆಲ ಜಾರಿತು" ಎಂದಳು. ನೆಲ ಒಣಗಿತ್ತು.

ಬಳ್ಳಾರಿಗೆ ಕರೆದೊಯ್ದು ತಲೆಯ ಸ್ಕ್ಯಾನ್ ಮಾಡಿಸಿದೆ. ಎಡಗಿವಿಯಿಂದ ಮೆದುಳಿಗೆ ಹೋಗುವ ನರದ ಮೇಲೆ ಒಂದು ಗಡ್ಡೆ ಇತ್ತು. ಕ್ಯಾನ್ಸರ್ ಅಲ್ಲ ಎಂದರು. ಬೆಂಗಳೂರಿನ ದೊಡ್ಡ ಡಾಕ್ಟರು ಎಲ್ಲವನ್ನೂ ಸಮಾಧಾನವಾಗಿ ಬಿಡಿಸಿ ಹೇಳಿದರು: ತೆಗೆಯಬಹುದು, ಕಾಯ್ದು ನೋಡಲೂಬಹುದು. ತೆಗೆದರೆ ಆ ಕಿವಿಯಲ್ಲಿ ಉಳಿದಿರುವ ಅಷ್ಟಿಷ್ಟು ಕೇಳಿಸುವುದೂ ಹೋಗುತ್ತದೆ. ಮುಖದ ನರ ಪಕ್ಕದಲ್ಲೇ ಇರುವುದರಿಂದ ಬಾಯಿ ಸೊಟ್ಟಗಾಗಬಹುದು. ಬಿಟ್ಟರೆ ಹಾಗೇ ಇರಬಹುದು, ಬೆಳೆದು ಮೆದುಳನ್ನು ಒತ್ತಲೂಬಹುದು.

ನನಗೆ ಈ "ಬಹುದು" ಎಂಬ ಮಾತೇ ಆಗಿಬರುವುದಿಲ್ಲ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವವರಿಗೆ ಗುಂಡಿ, ಜಿಪ್ಪು, ದಾರ ಮಾರುವವನು ನಾನು. ಜಿಪ್ಪು ಏರುತ್ತದೆ, ಇಲ್ಲವೇ ಏರುವುದಿಲ್ಲ. ಏರಬಹುದು ಎಂದು ಹೇಳಿ ಯಾರಿಗೂ ಮಾರಿದ್ದಿಲ್ಲ. ಮೇಲಾಗಿ ಅಕ್ಕ ಎಂದರೆ ಬರೀ ಅಕ್ಕನಲ್ಲ. ಅವ್ವ ಸತ್ತಾಗ ನಾನಿನ್ನೂ ಚಡ್ಡಿಯ ಲಾಡಿ ಕಟ್ಟಲು ಬಾರದ ಹುಡುಗ. ಆಗ ಎತ್ತಿಕೊಂಡವಳು ಇವಳೇ. ಭಾವ ತೀರಿಕೊಂಡ ಮೇಲೆ ಇವಳ ಭಾರ ನನ್ನದೆಂದು ನಾನೇ ಹೆಗಲಿಗೆ ಹಾಕಿಕೊಂಡಿದ್ದೆ. ಹೊರು ಎಂದು ಯಾರೂ ಹೇಳಿರಲಿಲ್ಲ, ಅದು ಬೇರೆ ಮಾತು.

ಹೀಗಿರುವಾಗ ಮಲೇಶಿಯಾಕ್ಕೆ ಜೀನ್ಸ್ ಕಳಿಸುವ ವ್ಯಾಪಾರಿಯೊಬ್ಬ ನನ್ನ ಅಂಗಡಿಯಲ್ಲಿ ಕೂತು ಚಹಾ ಕುಡಿಯುತ್ತ, ತನ್ನ ಪರಿಚಯದ ಹೆಂಗಸಿಗೂ ಇಂಥದೇ ಗಡ್ಡೆ ಇತ್ತೆಂದೂ ಕೌಲಾಲಂಪುರದಲ್ಲಿ ತೆಗೆಸಿದರೆಂದೂ ಹೇಳಿದ. "ಕಿವಿ ಉಳಿಸಿ ಗಡ್ಡಿ ತಗದ್ರು ನೋಡ್ರಿ" ಎಂದ. ಚಹಾ ಕುಡಿದು ಅವನು ಎದ್ದುಹೋದ. ಆ ಮಾತು ಮಾತ್ರ ನನ್ನನ್ನು ಬಿಟ್ಟು ಏಳಲಿಲ್ಲ.

ಕುರುಗೋಡು

ಅಕ್ಕನ ಮಗಳು ಶಂಶಾದಳನ್ನು ಕುರುಗೋಡಿಗೆ ಕೊಟ್ಟಿದೆ. ಊರಿನ ಕಲ್ಲುಗುಡ್ಡಗಳಷ್ಟೇ ಗಟ್ಟಿ ಮನುಷ್ಯಳು. ಅವಳನ್ನು ಒಪ್ಪಿಸದೆ ಅಕ್ಕನನ್ನು ಎಲ್ಲಿಗೂ ಒಯ್ಯುವಂತಿಲ್ಲ ಎಂದು ಗೊತ್ತಿದ್ದರಿಂದ ಅಕ್ಕನನ್ನು ಕರೆದುಕೊಂಡು ಅಲ್ಲಿಗೇ ಹೋದೆ. ಉಂಡು ಕೈ ತೊಳೆಯುವ ಮೊದಲೇ ಜಗಳ ಹತ್ತಿತು.

"ಮಾಮಾ, ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಂಗ ಆತು ನಿಂದು. ಅಷ್ಟು ಓದಿದ ಡಾಕ್ಟರ್ ಹೇಳಿದ್ದು ನಿನ್ನ ತಲಿಯಾಗ ಇಳೀಲಿಲ್ಲ, ಅಂಗಡ್ಯಾಗ ಚಾ ಕುಡದಾಂವ ಹೇಳಿದ್ದು ಇಳೀತು" ಎಂದಳು ಶಂಶಾದ್.

"ಅಲ್ಲಿ ಕಿವಿ ಉಳಸ್ತಾರಂತವ್ವ. ಇಲ್ಲಿ ಯಾರರೆ ಹಂಗ ಹೇಳಿದ್ರೇನು?"

"ಹೇಳೂದು ಬ್ಯಾರೆ, ಮಾಡೂದು ಬ್ಯಾರೆ. ಅಲ್ಲಿ ಕೊಯ್ದು ಹೊಲ್ದು ವಿಮಾನ ಹತ್ತಿಸ್ತಾರ. ಇಲ್ಲಿ ಬಂದ ಮ್ಯಾಗ ಬಾಯಿ ಸೊಟ್ಟ ಆತು, ಕಣ್ಣಿನ ರೆಪ್ಪಿ ಮುಚ್ಚವಲ್ದು ಅಂದ್ರ ಯಾರ ಮನಿ ಬಾಗಿಲಿಗೆ ಹೋಗೂದು? ಇನ್ನೊಬ್ರು ಕೊಯ್ದದ್ದನ್ನ ನಮ್ಮ ಡಾಕ್ಟರು ಕೈಯಾಗ ಹಿಡೀತಾರೇನು?"

ಉತ್ತರವಿಲ್ಲದಾಗ ನಾನು ದನಿ ಏರಿಸುತ್ತೇನೆ. "ಹಂಗಾರ ಬೆಳದು ಮೆದುಳು ಒತ್ತಲಿ ಅಂತ ಕುಂದ್ರೂಣೇನು?" ಎಂದು ಕೂಗಿದೆ. ಶಂಶಾದಳ ಕಣ್ಣಲ್ಲಿ ನೀರು ಬಂತು, ಆದರೆ ಆಕೆಯೂ ಬಿಡಲಿಲ್ಲ. ಹೀಗೆ ಸಂಜೆಯವರೆಗೂ ಅವಳು ಇತ್ತಲಿಂದ, ನಾನು ಅತ್ತಲಿಂದ. ಅಕ್ಕ ಎಡಗಿವಿಯನ್ನು ನಮ್ಮಿಬ್ಬರ ಕಡೆ ಮಾಡಿಕೊಂಡು ಗೋಡೆಗೊರಗಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಕೊನೆಗೆ ಒಂದು ಒಪ್ಪಂದವಾಯಿತು. ಬರೀ ತೋರಿಸಿಕೊಂಡು ಬರುವುದು, ಕೈ ಹಚ್ಚಿಸುವ ಮಾತು ಆಮೇಲೆ. ಶಂಶಾದ್ ನಂಬಿದಳು. ನಾನು ಮಾತ್ರ ಮನಸ್ಸಿನಲ್ಲಿ ಆಪರೇಷನ್ ಮುಗಿಸಿಕೊಂಡೇ ಬರುವುದೆಂದು ನಿಶ್ಚಯಿಸಿದ್ದೆ.

ಕೌಲಾಲಂಪುರ, ಇಳಿದ ದಿನ

ವಿಮಾನದಲ್ಲಿ ಅಕ್ಕನ ಕಿವಿಗೆ ಏನಾದರೂ ಆದೀತೆಂದು ದಾರಿಯುದ್ದಕ್ಕೂ ಅವಳ ಮುಖ ನೋಡುತ್ತ ಬಂದೆ. ಬೆಂಗಳೂರಿನ ಡಾಕ್ಟರು ಏನೂ ಆಗುವುದಿಲ್ಲ ಎಂದಿದ್ದರು. ಏನೂ ಆಗಲಿಲ್ಲ. ಆದದ್ದು ಇಳಿದ ಮೇಲೆ, ಓಡುವ ಮೆಟ್ಟಿಲಿನ ಮುಂದೆ. ಅಕ್ಕ ಅದರ ಬಾಯಿಯ ಹತ್ತಿರ ಕಾಲೆತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಹಿಂದೆ ಜನ ನಿಂತರು. ನಮ್ಮಲ್ಲಾಗಿದ್ದರೆ ಇಷ್ಟೊತ್ತಿಗೆ "ಏನ್ರೀ, ನಡೀರಿ" ಎಂದು ನಾಲ್ಕು ದನಿ ಬರುತ್ತಿದ್ದವು, ಇಬ್ಬರು ಕೈ ಹಿಡಿದು ಎಳೆಯುತ್ತಲೂ ಇದ್ದರು. ಇಲ್ಲಿ ಯಾರೂ ಉಸಿರೆತ್ತಲಿಲ್ಲ. ಆ ಸೌಜನ್ಯವೇ ನನಗೆ ಮೈ ಪರಚಿದಂತಾಯಿತು. ಅಕ್ಕ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ, ಸಿರುಗುಪ್ಪದ ಮೆಟ್ಟಿಲ ಮೇಲೆ ಏನಾಗಿತ್ತೆಂದು ನನಗೆ ಆಗ ಪೂರ್ತಿ ತಿಳಿಯಿತು.

ಲಿಫ್ಟ್ ಎಲ್ಲಿದೆ ಎಂದು ಒಬ್ಬ ಹಿರಿಯರನ್ನು ಕೇಳಿದೆ. ಅವರು ಕೈಮುಷ್ಟಿ ಕಟ್ಟಿ ಹೆಬ್ಬೆಟ್ಟನ್ನು ನನ್ನ ಮುಂದೆ ಹಿಡಿದರು. ನಮ್ಮಲ್ಲಿ ಹೆಬ್ಬೆಟ್ಟು ತೋರಿಸಿದರೆ "ಸಿಗೂದಿಲ್ಲ ಹೋಗು" ಎಂದು ಅಣಕಿಸಿದಂತೆ. ನನಗೆ ಸಿಟ್ಟು ಬಂತು. ಇನ್ನೊಬ್ಬಳನ್ನು ಕೇಳಿದರೆ ಅವಳೂ ಹೆಬ್ಬೆಟ್ಟು. ಆಮೇಲೆ ಗೊತ್ತಾಯಿತು, ಮಲಯ ಜನ ತೋರುಬೆರಳು ಚಾಚುವುದು ಅಸಭ್ಯವೆಂದು ಹೆಬ್ಬೆಟ್ಟಿನಿಂದ ದಿಕ್ಕು ತೋರಿಸುತ್ತಾರಂತೆ. ಲಿಫ್ಟ್ ಆ ಹೆಬ್ಬೆಟ್ಟಿನ ನೇರಕ್ಕೇ ಇತ್ತು.

ಟ್ಯಾಕ್ಸಿ ಹತ್ತಿದ ಕೂಡಲೇ ಡ್ರೈವರು ನಗುತ್ತ "ಸುದಾ ಮಕಾನ್?" ಎಂದು ಕೇಳಿದ. ನಮ್ಮ ಉರ್ದುವಿನಲ್ಲಿ ಮಕಾನ್ ಎಂದರೆ ಮನೆ. ಮನೆಯ ವಿಚಾರ ಕೇಳುತ್ತಿದ್ದಾನೆಂದು ನಾನು ಕೌಲ್ ಬಜಾರಿನ ನನ್ನ ಮನೆಗೆ ಎಷ್ಟು ಕೋಣೆ ಎಂಬುದನ್ನೆಲ್ಲ ಕೈಬೆರಳಲ್ಲಿ ಹೇಳಿದೆ. ಅವನು ಗಲಿಬಿಲಿಯಾಗಿ ಕೈಯನ್ನು ಬಾಯಿಗೊಯ್ದು ತೋರಿಸಿದ. ಊಟವಾಯಿತೇ ಎಂದು ಕೇಳಿದ್ದನಂತೆ. ಅಕ್ಕ ವಿಮಾನ ಹತ್ತಿದಾಗಿನಿಂದ ಮೊದಲ ಸಲ ನಕ್ಕಳು. "ನೋಡಲೇ, ನಮ್ಮಂಗ ಉಂಡ್ರೇನು ಅಂತ ಕೇಳೋ ಮಂದಿ" ಎಂದಳು. ನಕ್ಕಾಗ ಬಾಯಿಯ ಎರಡೂ ಮೂಲೆ ಸಮನಾಗಿ ಮೇಲೇರಿದವು. ಈಚೆಗೆ ನಾನು ಅದನ್ನೇ ನೋಡುತ್ತಿದ್ದೆ.

ಆಸ್ಪತ್ರೆಯ ಮುಂಬಾಗಿಲು

ಆಸ್ಪತ್ರೆಯ ಕೌಂಟರಿನಲ್ಲಿದ್ದ ಹುಡುಗಿ ಅಕ್ಕನ ಪಾಸ್‌ಪೋರ್ಟ್ ನೋಡಿ, ನನ್ನ ಕಡೆ ತಿರುಗಿ "ಸುವಾಮಿ?" ಎಂದಳು. ನನ್ನ ಅಂಗಡಿಗೆ ಬರುವ ಅರ್ಧ ಬಳ್ಳಾರಿ ನನ್ನನ್ನು "ಏನ್ ಸ್ವಾಮಿ, ಪಿತ್ತಾಳಿ ಗುಂಡಿ ಬಂದಾವೇನು" ಎಂದೇ ಮಾತಾಡಿಸುವುದು. ಇಲ್ಲೂ ಇದೇ ರೂಢಿಯಿದೆಯಲ್ಲ ಎಂದು ಖುಷಿಯಾಗಿ "ಹಾಂ, ಹೇಳ್ರಿ" ಎಂದು ಗೋಣು ಹಾಕಿದೆ. ಅವಳು ಕಂಪ್ಯೂಟರಿನಲ್ಲಿ ಏನೋ ಬಡಿದುಕೊಂಡಳು.

ನಮ್ಮ ಮಾತನ್ನು ಅವರಿಗೆ, ಅವರ ಮಾತನ್ನು ನಮಗೆ ಹೇಳಲು ಒಬ್ಬರನ್ನು ಕೊಡುತ್ತೇವೆ ಎಂದಿದ್ದರು. ಕನ್ನಡದವರು ಸಿಗಲಿಲ್ಲವೆಂದು ತೆಲುಗಿನವರನ್ನು ಕಳಿಸಿದರು. ಬಳ್ಳಾರಿ ಕಡೆಯವರಿಗೆ ತೆಲುಗೇನು ಕಷ್ಟ? ಅಕ್ಕನಿಗಂತೂ ನನಗಿಂತ ಚೆನ್ನಾಗಿ ಬರುತ್ತದೆ. ಗಡಿಯಾಚೆಯ ಮದುವೆಗಳಿಗೂ ಹೋಗುವವಳು. ಬಂದ ಹೆಂಗಸಿನ ಹೆಸರು ಅಪ್ಪಲಮ್ಮ. ಅಕ್ಕನ ವಾರಿಗೆಯವಳು, ಕಿವಿಯ ಹಿಂದೆ ಹೂವು, ಕಾಲಿಗೆ ಬೂಟು. ಅವಳ ತಾತ ವಿಶಾಖಪಟ್ಟಣದ ಕಡೆಯಿಂದ ರಬ್ಬರ್ ತೋಟಕ್ಕೆ ಕೂಲಿಯಾಗಿ ಬಂದವನಂತೆ. ಅವಳು ಇಂಡಿಯಾವನ್ನು ಕಂಡವಳೇ ಅಲ್ಲ, ಆದರೆ ಮಾತಿನ ನಡುವೆ "ಊರು" ಎಂದರೆ ಇಂಡಿಯಾವೇ. ಅವಳ ತೆಲುಗಿನಲ್ಲಿ ಉರ್ದುವಿನ ಒಂದು ಹನಿಯೂ ಬೆರೆತಿರಲಿಲ್ಲ. ತಾತ ತಂದದ್ದನ್ನು ಡಬ್ಬಿಯಲ್ಲಿಟ್ಟು ಮುಚ್ಚಿದ ಹಾಗಿತ್ತು.

ಅಪ್ಪಲಮ್ಮ ಕಂಪ್ಯೂಟರು ನೋಡಿ ನನ್ನನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿದಳು. "ಇವರು ನಿಮ್ಮ ಯಜಮಾನರೇ?" ಎಂದು ತೆಲುಗಿನಲ್ಲಿ ಕೇಳಿದಳು. ಮಲಯ ಭಾಷೆಯಲ್ಲಿ ಸುವಾಮಿ ಎಂದರೆ ಗಂಡನಂತೆ.

"ತೋಬಾ ತೋಬಾ" ಎಂದು ಅಕ್ಕ ಎರಡೂ ಕೆನ್ನೆ ಬಡಿದುಕೊಂಡಳು. "ಇವನ ಮೂಗು ಒರಸಿ ಬೆಳ್ಸೇನಿ ನಾನು. ಗಂಡ ಅಂತ ಗಂಡ."

ತಿದ್ದಿಸಿದೆವು. ಆದರೂ ಅಲ್ಲಿಯ ನರ್ಸುಗಳು ಕೊನೆಯವರೆಗೂ ಏನು ಹೇಳುವುದಿದ್ದರೂ ನನ್ನ ಮುಖ ನೋಡಿಯೇ ಹೇಳುತ್ತಿದ್ದರು. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಗಾಜಿನ ಕೋಣೆ

ಕಿವಿಯ ಪರೀಕ್ಷೆಗೆ ಅಕ್ಕನನ್ನು ಗಾಜಿನ ಸಣ್ಣ ಕೋಣೆಯಲ್ಲಿ ಕೂಡಿಸಿ, ಕಿವಿಗೆ ಮುಚ್ಚಳ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟರು. ಸದ್ದು ಕೇಳಿದರೆ ಗುಂಡಿ ಒತ್ತಬೇಕು. ಬಲಗಿವಿಗೆ ಸದ್ದು ಬಿಟ್ಟಾಗ ಅಕ್ಕನ ಹೆಬ್ಬೆರಳು ಢೋಲಕ್ಕಿನ ಮೇಲೆ ಆಡಿದ ಹಾಗೆ ಆಡಿತು. ಎಡಗಿವಿಗೆ ಬಂದಾಗ ನಿಂತಿತು. ಯಂತ್ರದವಳು ಸದ್ದು ಏರಿಸಿದಳು, ಇನ್ನೂ ಏರಿಸಿದಳು. ಅಕ್ಕ ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಯಾರೋ ಬಹು ದೂರದಿಂದ ಕರೆಯುತ್ತಿದ್ದಾರೆ ಎಂಬಂತೆ ಕೂತಿದ್ದಳು. ಒಂದು ಸಲ ಒತ್ತಿದಳು. ಯಂತ್ರದವಳು ಅಲ್ಲವೆಂದು ತಲೆಯಾಡಿಸಿದಳು, ಆಗ ಸದ್ದನ್ನೇ ಬಿಟ್ಟಿರಲಿಲ್ಲವಂತೆ. ಗಾಜಿನ ಈಚೆ ನಿಂತು ನಾನು ಒತ್ತು, ಒತ್ತು ಎಂದು ಒಳಗೊಳಗೇ ಅನ್ನುತ್ತಿದ್ದೆ.

ತಲೆಯ ಸ್ಕ್ಯಾನನ್ನು ಅಲ್ಲೂ ಮಾಡಿದರು, ಅದರ ಫಲಿತಾಂಶಕ್ಕೆ ಕಾಯುವ ದಿನಗಳು ಬಲು ಕೆಟ್ಟವು. ಸಂಜೆಯಾದರೆ ಅಲ್ಲಿ ಮಳೆ ಸುರಿಯುತ್ತಿತ್ತು. ಬಳ್ಳಾರಿಯವರಿಗೆ ಮಳೆ ಎಂದರೆ ಹಬ್ಬ, ನನಗೆ ಅಲ್ಲಿ ಅದು ಕಿರಿಕಿರಿಯಾಗಿತ್ತು. ಅಪ್ಪಲಮ್ಮ ಕೆಲಸ ಮುಗಿಸಿ ನಮ್ಮ ಹೋಟೆಲಿಗೆ ಬರುತ್ತಿದ್ದಳು. ಅಕ್ಕ ಅವಳ ಕೈಗೆ ಮೆಹಂದಿ ಹಾಕಿದಳು, ಬೀಗರ ಹಾಡು ಹೇಳಿಕೊಟ್ಟಳು. ಅವರಿಬ್ಬರೂ ನಗುವಾಗ ನನಗೆ ಸಿಟ್ಟು ಬರುತ್ತಿತ್ತು. ನಾನೊಬ್ಬನೇ ಹೆದರಿಕೊಂಡು ಕೂರುವುದು ಯಾವ ನ್ಯಾಯ ಎನಿಸುತ್ತಿತ್ತು.

ಡಾಕ್ಟರ ಕೋಣೆ

ಡಾಕ್ಟರು ಚೀನೀ ಮೂಲದ ತೆಳ್ಳಗಿನ ಮನುಷ್ಯ. ನನಗೆ ತಿಳಿಯಲೆಂದು ಇಂಗ್ಲಿಷನ್ನು ತುಂಡು ತುಂಡು ಮಾಡಿ ನಿಧಾನವಾಗಿ ಆಡಿದರು. ಅಪ್ಪಲಮ್ಮ ಅದನ್ನು ತೆಲುಗಿನಲ್ಲಿ ಅಕ್ಕನಿಗೆ ಹೇಳಿದಳು. ಬಳ್ಳಾರಿಯ ಸ್ಕ್ಯಾನು, ಇಲ್ಲಿಯ ಸ್ಕ್ಯಾನು ಎರಡನ್ನೂ ಪಕ್ಕಪಕ್ಕದಲ್ಲಿ ಬೆಳಗಿಸಿ, ಗಡ್ಡೆ ಬೆಳೆದಂತೆ ಕಾಣುತ್ತಿಲ್ಲ ಎಂದರು.

ನಾನು ಇಷ್ಟು ದೂರ ಹೊತ್ತು ತಂದ ಪ್ರಶ್ನೆ ಕೇಳಿದೆ. ಕಿವಿ ಉಳಿಸಿ ತೆಗೆಯುತ್ತೀರಲ್ಲವೇ?

ಡಾಕ್ಟರು ಸ್ಕ್ಯಾನಿನ ಮೇಲೆ ಪೆನ್ನಿನ ತುದಿ ಇಟ್ಟು ಗಡ್ಡೆ ತೋರಿಸಿದರು. ಕೆಲವರಿಗೆ ಹಾಗೆ ಉಳಿಯುವುದುಂಟು, ಇವರ ಗಡ್ಡೆ ಕೂತಿರುವ ಜಾಗಕ್ಕೆ ಆ ಮಾತು ಕೊಡಲಾರೆ ಎಂದರು. ಕಿವಿ ಹೋಗುತ್ತದೆ. ಮುಖದ ನರವನ್ನು ಕಾಪಾಡಲು ನೋಡುತ್ತೇನೆ, ಕಾಪಾಡಿಯೇ ತೀರುತ್ತೇನೆ ಎನ್ನಲಾರೆ. ನಿಮ್ಮ ಊರಿನ ಡಾಕ್ಟರು ಸರಿಯಾಗಿಯೇ ಹೇಳಿದ್ದಾರೆ. ತೆಗೆಸುವುದಾದರೆ ಬರುವ ವಾರ ಮಾಡಬಹುದು. ಕಾಯುವುದಾದರೆ ಕಾಯಲೂಬಹುದು.

ಸಮುದ್ರ ದಾಟಿ ಬಂದು ನಾನು ಕೇಳಿದ್ದು ಅದೇ "ಬಹುದು". ಅದನ್ನು ಕೇಳಿದಷ್ಟೂ ಹಟ ಏರಿತು. ಬಂದದ್ದು ಬಂದಾಗಿದೆ, ಬೆಳೆದ ಮೇಲೆ ಅಳುವುದಕ್ಕಿಂತ ಈಗಲೇ ಆಗಿಹೋಗಲಿ. "ಆಪರೇಷನ್, ಎಸ್" ಎಂದೆ.

"ಅವರು ಹೇಳಲಿ" ಎಂದು ಡಾಕ್ಟರು ಅಕ್ಕನ ಕಡೆ ಕೈ ತೋರಿದರು.

ಅಪ್ಪಲಮ್ಮ ಅಕ್ಕನ ಬಲಗಡೆಗೆ ಬಾಗಿ "ಮೊದಲು ಪೆಡದಾಮಾ ಅಕ್ಕಾ?" ಎಂದು ಕೇಳಿದಳು. ಶುರು ಮಾಡೋಣವೇ ಎಂದು.

ಅಕ್ಕ "ಚಾಲು" ಎಂದಳು.

ಅಷ್ಟೇ. ನಾನು ಉಸಿರು ಬಿಟ್ಟೆ. ನಮ್ಮ ಕಡೆ ಪಂಪು ಚಾಲೂ, ಮಿಷನ್ನು ಚಾಲೂ, ಅಂಗಡಿ ಚಾಲೂ. ಶುರು ಮಾಡಿ ಎಂದಳಲ್ಲ, ನನ್ನ ಅಕ್ಕ ಧೈರ್ಯಸ್ಥೆ ಎಂದುಕೊಂಡೆ. ಅಪ್ಪಲಮ್ಮ ಡಾಕ್ಟರ ಕಡೆ ತಿರುಗಿ, ಸಾಕಂತೆ, ಅವರಿಗೆ ಬೇಡವಂತೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು.

"ಏ, ಇಲ್ಲ ಇಲ್ಲ" ಎಂದು ನಾನು ಎದ್ದೇ ನಿಂತೆ. "ಚಾಲೂ ಅಂದ್ರ ಶುರು ಅಂತ."

"ಚಾಲು ಅಂಟೇ ಸಾಕು ಅಂತ" ಎಂದು ಅಪ್ಪಲಮ್ಮ ತನ್ನ ತೆಲುಗಿಗೆ ನಮ್ಮಿಂದ ಕಲಿತ ಕನ್ನಡ ಸೇರಿಸಿ ಹೇಳಿದಳು. "ನನಗೆ ನನ್ನ ತಾಯಿಭಾಷೆ ಗೊತ್ತಿಲ್ಲವಾ?"

ತೆಲುಗಿನಲ್ಲಿ ಅದು ಸಾಕು ಎಂದಾಗುತ್ತದೆಂದು ನನಗೂ ಗೊತ್ತು. ಬಳ್ಳಾರಿಯಲ್ಲಿ ಹುಟ್ಟಿದವನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಆದರೆ ನಾನು ಬಿಡಲಿಲ್ಲ. ಅಕ್ಕ ಕೊನೆಯ ಅಕ್ಷರವನ್ನು ಉದ್ದ ಎಳೆದಳು, ಚಾಲೂ ಎಂದಳು ಎಂದು ನಾನು. ಇಲ್ಲ, ಗಿಡ್ಡ, ಚಾಲು ಎಂದಳು ಎಂದು ಅವಳು. ಅವಳು ಮೇಜು ಕುಟ್ಟಿದಳು, ನಾನು ಎದೆ ಕುಟ್ಟಿಕೊಂಡೆ. ನನ್ನ ಅಕ್ಕನ ತಲೆಯನ್ನು ತೆರೆಯಬೇಕೇ ಬೇಡವೇ ಎಂಬುದು ಒಂದು ಕೊಂಬಿನ ಮೇಲೆ ನಿಂತಿತ್ತು. ಡಾಕ್ಟರು ಇಬ್ಬರನ್ನೂ ನೋಡಿ ನೋಡಿ, ಕೊನೆಗೆ ಅಂಗೈ ಎತ್ತಿ, "ಅವರು ಇಲ್ಲೇ ಕೂತಿದ್ದಾರಲ್ಲ" ಎಂದರು.

ಹೌದು, ಅಕ್ಕ ಅಲ್ಲೇ ಕೂತಿದ್ದಳು. ನಾನು ಸುತ್ತುಹಾಕಿ ಅವಳ ಬಲಗಡೆಗೆ ಹೋಗಿ ಕುಕ್ಕರಗಾಲಲ್ಲಿ ಕೂತೆ. "ಅಕ್ಕಾ, ನೀ ಏನಂದಿ?"

"ಕೂಗಬ್ಯಾಡ. ಈ ಕಿವಿ ಚಲೋ ಕೇಳ್ತೈತಿ" ಎಂದಳು. "ನಾ ಯಾರ ಮುಖ ನೋಡಿ ಮಾತಾಡಿದ್ನಿ? ಅಪ್ಪಲಮ್ಮಂದು. ಆಕಿ ಕೂಡ ಆಕಿ ಮಾತಿನಾಗ ಆಡಿದ್ನಿ. ಸಾಕು ಅಂದ್ನಿ."

"ಬೆಳದ್ರ?"

"ಬೆಳದ್ರ ಆಗ ಕೊಯ್ಸಿಕೋತೀನಿ, ಬೆಂಗಳೂರಾಗ. ಶಂಶಾದ್ ಬಂದು ಬಾಜೂಕ ಕುಂದ್ರತಾಳ. ಅಲ್ಲೀತನ ಈ ಬಾಯಿ ನೆಟ್ಟಗ ಇರ್ಲಿ. ಹಾಡಾಕ ಒಂದು ಕಿವಿ ಸಾಕು ಖಾಜಾ, ಅರ್ಧ ಬಾಯಿ ಸಾಲಂಗಿಲ್ಲ."

"ಮತ್ತ ಇಷ್ಟು ದೂರ ಯಾಕ ಬಂದಿ?" ಎಂದೆ.

"ನಿನ್ನ ಸಮಾಧಾನಕ್ಕ ಬಂದ್ನಿ. ಬರಲಿಲ್ಲಂದ್ರ ನೀ ಉಣ್ಣಾಕ ಒಲ್ಲೆ ಅಂತಿದ್ದಿ."

ಅಪ್ಪಲಮ್ಮ ಇದನ್ನು ಡಾಕ್ಟರಿಗೆ ಅನುವಾದಿಸಲಿಲ್ಲ. ಮೆಹಂದಿಯ ಕೈಯಿಂದ ಕಣ್ಣೊರೆಸಿಕೊಂಡಳು. ಡಾಕ್ಟರು ಆರು ತಿಂಗಳಿಗೊಮ್ಮೆ ಊರಿನಲ್ಲೇ ಸ್ಕ್ಯಾನ್ ಮಾಡಿಸಬೇಕೆಂದೂ, ನಡಿಗೆ ಇನ್ನೂ ತಪ್ಪಿದರೆ, ಮುಖ ಜೋಮು ಹಿಡಿದರೆ ಒಂದು ದಿನವೂ ತಡ ಮಾಡಬಾರದೆಂದೂ ಹೇಳಿದರು. ಅದನ್ನೆಲ್ಲ ನನಗಲ್ಲ, ಅಕ್ಕನಿಗೇ ಹೇಳಿದರು.

ತಿರುಗಿ ಬರುವ ವಿಮಾನ

ಹೋಟೆಲಿನಿಂದ ವಿಮಾನ ನಿಲ್ದಾಣಕ್ಕೆ ಹೋಗುವ ಟ್ಯಾಕ್ಸಿಯಲ್ಲಿ ನಾನು ಅಕ್ಕನನ್ನು ಹಿಂದೆ ಬಿಟ್ಟು ಡ್ರೈವರನ ಪಕ್ಕ ಕೂತೆ. ಸಿಟ್ಟು ಬಂದಿತ್ತು, ಸಿಟ್ಟಿನ ಕೆಳಗೆ ಭಯ, ಬಂದಾಗ ಇದ್ದಷ್ಟೇ ಭಯ, ಒಂದು ತೊಲೆಯೂ ಇಳಿದಿರಲಿಲ್ಲ. ಅಕ್ಕ ಬಲಗಡೆಯ ಕಿಟಕಿಗೆ ಕೂತಳು. ನಾನು ಅವಳ ಎಡಕ್ಕೆ. ಹಗಲಿನ ವಿಮಾನ, ಕೆಳಗೆ ಸಮುದ್ರ ಬೆಳ್ಳಗೆ ಹೊಳೆಯುತ್ತಿತ್ತು. ತಡೆಯಲಾರದೆ "ಅಕ್ಕಾ, ಬೆಳದ್ರ..." ಎಂದೆ.

ಕೇಳಿಸದಿದ್ದರೂ ತುಟಿ ಆಡಿದ್ದು ಕಂಡಿತೇನೋ, ತಿರುಗಿದಳು. "ಮತ್ತ ಅದ ಮಾತೇನು?"

ಹೌದೆಂದು ಗೋಣು ಹಾಕಿದೆ.

ಅಕ್ಕ ಸೆರಗನ್ನು ಹಿಂದೆ ಸರಿಸಿ, ಎಡಗಿವಿಯನ್ನು ನನ್ನ ಬಾಯಿಯ ಹತ್ತಿರ ತಂದಳು. "ಈ ಕಿವ್ಯಾಗ ಹೇಳು. ಎಷ್ಟರೆ ಹೇಳು" ಎಂದು, ಮುಖ ಕಿಟಕಿಯ ಕಡೆ ತಿರುಗಿಸಿದಳು.

ನಾನು ಹೇಳಿದೆ. ಬೆಳೆದೇ ಬೆಳೆಯುತ್ತದೆಂದು ನನಗೆ ಅನಿಸುತ್ತದೆ ಎಂದೆ. ಸಿರುಗುಪ್ಪದಿಂದ ಫೋನ್ ಬಂದರೆ ಎತ್ತದೆ ಒಂದಿಷ್ಟು ಹೊತ್ತು ಬಡಿದುಕೊಳ್ಳಲು ಬಿಡುತ್ತೇನೆ ಎಂದೆ. ಅವ್ವನ ಮುಖ ನನಗೆ ನೆನಪಿಲ್ಲ, ಅವ್ವ ಎಂದರೆ ನಿನ್ನ ಮುಖವೇ ಬರುತ್ತದೆ ಎಂದೆ. ನೀನು ಹೋದರೆ ಈ ಲೋಕದಲ್ಲಿ ನನ್ನನ್ನು "ಲೇ" ಎನ್ನುವವರು ಯಾರೂ ಉಳಿಯುವುದಿಲ್ಲ ಎಂದೆ. ನೀನು ಹೇಳಿದ್ದೇ ಸರಿ ಇರಬಹುದು ಎಂದೂ ಹೇಳಿದೆ, ಅದನ್ನು ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಅಕ್ಕ ಮೋಡ ನೋಡುತ್ತ ನಡುನಡುವೆ ತಲೆಯಾಡಿಸುತ್ತಿದ್ದಳು.

ಕಿವಿಗೆ ನನ್ನ ಉಸಿರು ತಾಗುವುದು ನಿಂತಾಗ, ತಿರುಗದೆಯೇ "ಮುಗೀತೇನಲೇ?" ಎಂದಳು.

"ಇಲ್ಲ" ಎಂದೆ, ಅದೇ ಕಿವಿಗೆ.